ಕೈಗಡ

ಕೋಪನ್‌ಹೇಗನ್ನಿನ ನಾರೆಬ್ರೋದಲ್ಲಿ, ಹಿಂಬದಿಯ ಕಟ್ಟಡದಲ್ಲಿ,
ಮೂರನೇ ಮಹಡಿಯ ನನ್ನ ಅಡುಗೆಮನೆ
ಬಡಗಣಕ್ಕೆ ಮುಖ ಮಾಡಿ ಕೂತಿದೆ, ಮುನಿಸಿಕೊಂಡವರ ಹಾಗೆ.
ಹಗಲಲ್ಲೂ ದೀಪ. ಊಟಕ್ಕೂ ದೀಪ.
ಕಪ್ಪು ಪ್ಯಾಂಟಿಗೆ ಕಪ್ಪು ದಾರ ಹಾಕುವ ದಿನ
ಬೆರಳೇ ಕಣ್ಣು.

ಡಾಕ್ಟರು ಹೇಳಿದ್ದರು: ನಿದ್ದೆ ಬರಬೇಕಾದರೆ
ಹಗಲು ಒಂದಿಷ್ಟು ಬೆಳಕು ಕಣ್ಣಿಗೆ ಬೀಳಲಿ, ಇಂಗೆಲಿಸ್.
ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಕೇಳಲಿಲ್ಲ.
ಮನೆಗೆ ಬಂದು ಪರದೆ ಕಿತ್ತೆ,
ಕಿಟಕಿಗೆ ಅರ್ಧ ಅಡ್ಡ ನಿಂತಿದ್ದ ಪಿಂಗಾಣಿಯ ಬೀರುವನ್ನು
ಇಂಚಿಂಚೇ ತಳ್ಳಿ ಬಾಗಿಲ ಹಿಂದೆ ನಿಲ್ಲಿಸಿದೆ,
ವಿನೆಗರ್ ಹಾಕಿ ಗಾಜು ತೊಳೆದೆ.
ಒಳಗೆ ಬಂದದ್ದು ಬೂದು.
ಮೊದಲಿಗಿಂತ ಶುದ್ಧವಾದ ಬೂದು.

ಫೆಬ್ರವರಿಯ ಒಂದು ಮಂಗಳವಾರ, ಹನ್ನೊಂದು ಇಪ್ಪತ್ತಕ್ಕೆ,
ಬ್ರೆಡ್ಡಿನ ಡಬ್ಬಿಯ ಮೇಲಿನ ಗೋಡೆಗೆ
ಯಾರೋ ಬೆಣ್ಣೆ ಸವರಿದಂತೆ ಒಂದು ಚೌಕ.
ಕೈ ಇಟ್ಟೆ. ಕೈಯ ಗುರುತು ಸಿಕ್ಕಿತು:
ಮಚ್ಚೆ, ನರ, ಸೂಜಿ ಚುಚ್ಚಿದ ಹಳೇ ಕಲೆ.
ಏಳು ನಿಮಿಷ.
ಆಮೇಲೆ ಗೋಡೆ ಮತ್ತೆ ಗೋಡೆ.

ಮೋಡವಿಲ್ಲದ ದಿನವೆಲ್ಲ ಬಂತು. ಆ ಹೊತ್ತಿಗೆ ಸರಿಯಾಗಿ
ಕುರ್ಚಿ ಎಳೆದುಕೊಂಡು ಸೂಜಿಗಳಿಗೆ ದಾರ ಪೋಣಿಸಿಡುತ್ತಿದ್ದೆ,
ಒಂದು ಡಜನ್, ರಾತ್ರಿಯವರೆಗೆ ಸಾಲುವಷ್ಟು.
ಆಮೇಲೆ ನಿಂತುಹೋಯಿತು.
ಆಕಾಶ ನಿಚ್ಚಳ, ಎದುರಿನ ಇಟ್ಟಿಗೆಯ ಮೇಲೆ ಬಿಸಿಲೋ ಬಿಸಿಲು,
ನನ್ನ ಗೋಡೆಗೆ ಮಾತ್ರ ಇಲ್ಲ.

ಅಂಗಳದಾಚೆ, ಐದನೇ ಮಹಡಿ. ಟೊರ್ಕಿಲ್ ಎಂಬಾತನ ಕಿಟಕಿ.
ದಿನಾ ಅದೇ ಹೊತ್ತಿಗೆ ಅದನ್ನು ಹೊರಕ್ಕೆ ತಳ್ಳಿ
ಸಿಗರೇಟು ಸೇದುತ್ತಿದ್ದ ಮನುಷ್ಯ.
ಆ ತೆರೆದ ಗಾಜಿನಿಂದ ಜಾರಿ ಬಿದ್ದದ್ದೇ ನನ್ನ ಬಿಸಿಲು.
ಈಗ ಸಿಗರೇಟು ಬಿಟ್ಟಿದ್ದಾನೆ.
ಅವನಿಗೂ ಒಬ್ಬ ಡಾಕ್ಟರು.

ಕೆನೆ ತುಂಬಿದ ಬನ್ನು ಎರಡು ಕಟ್ಟಿಕೊಂಡು
ತೊಂಬತ್ತೊಂದು ಮೆಟ್ಟಿಲು ಹತ್ತಿದೆ.
ಹದಿನೆಂಟು ವರ್ಷ, ಸೈಕಲ್ಲುಗಳ ನಡುವೆ
ಗೋಣು ಆಡಿಸಿದ್ದು ಬಿಟ್ಟರೆ ಮಾತಿಲ್ಲ.
ಏನಂತ ಕೇಳುವುದು? ಉಪ್ಪು ಕೇಳಬಹುದು, ಏಣಿ ಕೇಳಬಹುದು.
"ನಿಮ್ಮ ಕಿಟಕಿ ಸ್ವಲ್ಪ..." ಅಂದೆ.
ಹೊಗೆಯ ದೂರು ಅಂದುಕೊಂಡು ಪಾಪ ಹೆದರಿದ.

ಹಿಂದೆ ಭೂಮಾಪಕನಂತೆ. ವಿಷಯ ತಿಳಿದದ್ದೇ
ನನ್ನನ್ನು ವಾಪಸು ಓಡಿಸಿ, ಫೋನು ಹಿಡಿದು ನಿಂತ.
"ಈಗ?"
"ಇಲ್ಲ, ಒಲೆಯ ಮೇಲಿದೆ."
"ಈಗ?"
"ಅಯ್ಯೋ, ಪಕ್ಕದ ಮನೆಗೆ ಹೋಯಿತು!"
"ಈಗ?"
ನಾನು ಮಾತಾಡಲಿಲ್ಲ.
ಅವನು ಕಿಟಕಿಯ ದಂಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ.

ಮಾರ್ಚ್ ಕೊನೆಗೆ ಸರ್ಕಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿತು.
ಬಿಸಿಲಿಗೆ ಆ ಸುತ್ತೋಲೆ ತಲುಪಲಿಲ್ಲ.
ನಾವೇ ಹನ್ನೆರಡು ಇಪ್ಪತ್ತಕ್ಕೆ ಬದಲಾದೆವು.

ಸೂರ್ಯ ಮೇಲೇರಿದಷ್ಟೂ ನನ್ನ ಚೌಕ ಕೆಳಗಿಳಿಯಿತು:
ಡಬ್ಬಿ, ಮೇಜು, ಮೊಣಕಾಲು, ನೆಲ.
ಏಪ್ರಿಲಿನಲ್ಲಿ ಒಂದು ದಿನ ಮನೆಯಿಂದಲೇ ಹೊರಬಿತ್ತು.
ಕತ್ತು ಚಾಚಿ ನೋಡಿದೆ. ಎರಡನೇ ಮಹಡಿಯಲ್ಲಿ
ಹಿಬಾಕಳ ಮುಚ್ಚಿದ ಪರದೆಗೆ ಒರಗಿ ನಿಂತಿದೆ,
ಬಾಗಿಲು ತಟ್ಟಲು ಸಂಕೋಚಪಡುವ ನೆಂಟನಂತೆ.
ಆ ಮನೆಯಲ್ಲಿ ಎಳೆಕೂಸು;
ಹಗಲು ಯಾವುದು ರಾತ್ರಿ ಯಾವುದು ತಿಳಿಯದೆ ಅಳುವುದು
ನನ್ನ ಹಾಸಿಗೆಗೂ ಕೇಳುತ್ತದೆ.

ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ.
ಗೆರೆ ಬದಲಿಸಿ ಎನ್ನಲು ಫೋನು ಮಾಡಿದೆ ಕೂಡ.
"ಕೋನ ಬದಲಿಸಬಹುದು," ನಕ್ಕ ಭೂಮಾಪಕ,
"ಏಪ್ರಿಲನ್ನು ಎಲ್ಲಿಗೆ ತಿರುಗಿಸಲಿ?"
ಕೈಗಡದ ಮಾಲು. ನನ್ನದು ಅನ್ನುವ ಹಾಗೂ ಇಲ್ಲ.

ಮೆಟ್ಟಿಲಿಳಿದು ಗಂಟೆ ಒತ್ತಿದೆ.
ಕೂಸು ಹೆಗಲ ಮೇಲೆ, ಹಿಬಾಕಳ ಕಣ್ಣ ಕೆಳಗೆ ಕಪ್ಪು.
"ಹನ್ನೆರಡು ಇಪ್ಪತ್ತಕ್ಕೆ," ಅಂದೆ, "ಪರದೆ ಸರಿಸಬೇಕು."
"ಯಾಕೆ?"
ಯಾರ ಕಿಟಕಿ, ಯಾರು ಬಿಟ್ಟ ಸಿಗರೇಟು,
ಹೇಳಹೊರಟರೆ ಸಂಜೆಯಾದೀತು.
ಇನ್ನೂ ನಾಲ್ಕು ನಿಮಿಷವಿತ್ತು.
ಕೂಸನ್ನು ನನ್ನ ಕೈಗಿತ್ತು, ಚಹಾಕ್ಕೆ ನೀರಿಟ್ಟಳು.