ಅರ್ಧ ಕ್ಷೌರ

ಕೂತುಕೊಳ್ಳಿ. ತಲೆ ಹಿಂದಕ್ಕೆ. ಇನ್ನೂ ಸ್ವಲ್ಪ.
ರಜೆಯಲ್ಲಿ ಬಂದದ್ದಲ್ಲವಾ? ಗೊತ್ತಾಗುತ್ತದೆ,
ನಿಮ್ಮ ಕತ್ತಿನ ಹಿಂದೆ ಕೂದಲೂ ಸಾಲಾಗಿ ನಿಂತಿದೆ.
ಯಾವ ಗಡಿ? ಬೇಡ, ಹೇಳಬೇಡಿ,
ನೊರೆ ಬಾಯಿಗೆ ಹೋದೀತು.

ಗೋಡೆಯ ಮೇಲೆ, ಗಾಜಿನೊಳಗೆ, ತುಕ್ಕು ಹಿಡಿದ ಕತ್ತಿ,
ಅಲಗು ಮೀನಿನ ಮುಳ್ಳಿನಷ್ಟು ಉಳಿದಿದೆ ನೋಡಿ,
ಅದು ದೂಮ ಭಂಡಾರಿಯದು. ನನ್ನ ಅಜ್ಜನ ಅಜ್ಜನ
ಎಷ್ಟನೆಯ ಅಜ್ಜನೋ, ಎಣಿಸುತ್ತ ಕೂತರೆ ಸೋಪು ಒಣಗುತ್ತದೆ.
ಚರಿತ್ರೆಯ ಮೇಷ್ಟ್ರೊಬ್ಬರು, ನಮ್ಮ ಗಿರಾಕಿಯೇ, ಈ ಕತೆ ನಂಬುವುದಿಲ್ಲ.
ನಾನು ಅವರ ಮೀಸೆಯನ್ನು ನಂಬುತ್ತೇನಾ? ಬಣ್ಣ ಹಾಕುವವನು ನಾನೇ.

ಆಗ ಈ ಬಂದರಿನ ಹತ್ತಿರ ಕೋಟೆ ಇತ್ತು.
ಒಳಗೆ ಕುಂಪಣಿಯ ಸಿಪಾಯಿಗಳು, ಕುದುರೆ ತಿಂದು ಮುಗಿಸಿ
ಹೆಗ್ಗಣಕ್ಕೆ ಇಳಿದಿದ್ದರು.
ಹೊರಗೆ ಸುಲ್ತಾನನ ದಂಡು, ಮೊಣಕಾಲುದ್ದ ಕೆಸರಲ್ಲಿ.
ಬಯಲುಸೀಮೆಯ ಜೋಳದ ಮಂದಿ;
ಆಕಾಶಕ್ಕೆ ಇಷ್ಟು ದಿನ ಉಚ್ಚೆ ಬರುತ್ತದೆಂದು
ಅವರಿಗೆ ಯಾರೂ ಹೇಳಿ ಕಳಿಸಿರಲಿಲ್ಲ.
ಆಟಿ ಮುಗಿಯುವ ಹೊತ್ತಿಗೆ ಬಿಳಿ ಬಟ್ಟೆ ಏರಿತು.
ಗುಂಡು ನಿಂತಿತು. ಮಳೆ ನಿಲ್ಲಲಿಲ್ಲ.

ಎರಡೂ ಕಡೆ ಗಡ್ಡ ಬೆಳೆದಿತ್ತು,
ಎರಡೂ ಕಡೆಗೆ ಬೇಕಾದವನು ದೂಮನೊಬ್ಬನೇ.
ಕಂದಕದ ಅಂಚಲ್ಲಿ, ಗುಂಡು ತಾಗಿ ಮುರಿದ ತೆಂಗಿನ ಬೊಡ್ಡೆ,
ಅದೇ ಕುರ್ಚಿ. ಮೇಲೆ ತಾಳೆಗರಿಯ ಕೊಡೆ.

ಮೊದಲ ದಿನ ಯಾರೂ ಕೂರಲಿಲ್ಲ.
ನೀವೇ ಯೋಚಿಸಿ: ವೈರಿಯ ಕಣ್ಣೆದುರು ಕತ್ತು ಚಾಚಿ
ಯಾರ ಕಡೆಯವನೆಂದು ತಿಳಿಯದವನ ಕೈಗೆ ಕೊಡುವುದು.
ಮರುದಿನ ಹಾಲಪ್ಪ ಕೂತ, ಜಗಳೂರು ಕಡೆಯವನು,
ಹೇನಿನ ಕಾಟಕ್ಕಿಂತ ಸಾವು ಮೇಲೆನಿಸಿರಬೇಕು.
ಅವನೆದ್ದ ಜಾಗದಲ್ಲಿ ಕೊಂಕಣದ ಸಿಪಾಯಿ, ಧಾಕು ಸಾವಂತ.
ಕೂತವನು ಥಟ್ಟನೆ ಅರ್ಧ ಎದ್ದನಂತೆ:
ಬೊಡ್ಡೆ ಇನ್ನೂ ಬೆಚ್ಚಗಿತ್ತು.

ಒಬ್ಬರ ಮಾತು ಒಬ್ಬರಿಗೆ ಬಾರದು.
ಹಾಲಪ್ಪ ಬೆಲ್ಲದ ಚೂರು ಚಾಚಿದ.
ಸಾವಂತ ಕಚ್ಚಿ, ದವಡೆ ಹಿಡಿದು ಕುಣಿದ. ಹುಳುಕು ಹಲ್ಲು.
ನಕ್ಕು ನಕ್ಕು ಹಾಲಪ್ಪ ಓಡಿಹೋಗಿ ಲವಂಗ ತಂದ.
ಸಾವಂತ ಇವನ ಬೆರಳ ಸಂದು ನೋಡಿದ, ನೆನೆದು ಕೊಳೆತ ಕಾಲು;
ಕಡಲ ಕಡೆ ಕೈ ತೋರಿದ, ಉಪ್ಪುನೀರಲ್ಲಿ ಅದ್ದು ಅಂತ.
ಅಲಗು ತಾಗಿದರೆ ಯಾವ ಕಡೆಯ ಗಂಟಲುಮಣಿಯೂ
ಒಂದೇ ಹಾಗೆ ಹಾರುತ್ತದೆ ಅನ್ನುತ್ತಿದ್ದನಂತೆ ದೂಮ.
ಅಂದನೋ ಇಲ್ಲವೋ. ಇದು ನನ್ನಪ್ಪ ಸೇರಿಸಿದ್ದಿರಬೇಕು.

ಒಂದು ದಿನ ಸಾವಂತನ ಬಲಗೆನ್ನೆ ಮುಗಿದಿತ್ತು ಅಷ್ಟೇ,
ಕೊಂಬು ಕೂಗಿತು.
ಎಲ್ಲರೂ ಓಡಿದರು, ಅವನು ಅರ್ಧ ಮುಖ ಹೊತ್ತುಕೊಂಡು.
ಆಮೇಲೆ ಗೋಡೆಯ ಕಿಂಡಿಯಲ್ಲಿ ಆ ಮುಖ ಕಂಡಾಗಲೆಲ್ಲ
ಕೆಳಗೆ ಹಾಲಪ್ಪ ಪಕ್ಕದವನ ಬಂದೂಕು ತಗ್ಗಿಸುತ್ತಿದ್ದ:
'ಅವ್ನ ಕ್ಷೌರ ಮುಗ್ದಿಲ್ಲ, ಬಿಡ್ರಲೇ.'
ಅದೇನು ಶಾಸ್ತ್ರವೋ. ಯಾರೂ ಕೇಳಲಿಲ್ಲ,
ಯಾರೂ ಹೊಡೆಯಲಿಲ್ಲ.
ಬೇರೆಯವರಿಗೆ ಹೊಡೆದರು. ಅದೂ ನಿಜ.

ಪುಯಿಂತೆಲ್‌ನಲ್ಲಿ ಕೋಟೆ ಬಾಗಿಲು ತೆರೆಯಿತು.
ಹೊರಬಂದವರಲ್ಲಿ ಒಬ್ಬ, ಎಲುಬಿಗೆ ಚರ್ಮ ಸುತ್ತಿದವನು,
ಹುಡುಕುತ್ತ ಬಂದು ಬೊಡ್ಡೆಯ ಮೇಲೆ ಕೂತ.
ಮುಖವೆಲ್ಲ ಗಡ್ಡ, ಬಲಕ್ಕೆ ಗಿಡ್ಡ, ಎಡಕ್ಕೆ ಉದ್ದ.
ಮುಗಿದ ಮೇಲೆ ಬರಿ ಅಂಗೈ ಬಿಚ್ಚಿ ತೋರಿಸಿದ.
'ಎಡಗೆನ್ನೆಯ ದುಡ್ಡು ಬಂದಿದೆ' ಅಂದ ದೂಮ.
ಕಾರ್ತಿಕದ ಜ್ವರದಲ್ಲಿ ಹಾಲಪ್ಪ ಕೊಟ್ಟು ಹೋಗಿದ್ದ,
ಒಂದು ತಾಮ್ರದ ಕಾಸು, ಬೆವರಿಗೆ ಹಸಿರು ಕಟ್ಟಿದ್ದು.

ನಿಮ್ಮ ಫೋನು. ಬಡಿದುಕೊಳ್ಳಲಿ ಬಿಡಿ,
ಆಫೀಸಿನದೇ? ರಜೆ ರದ್ದಾ?
ಆಗಲಿ. ಕೂತುಕೊಳ್ಳಿ, ಎರಡೇ ನಿಮಿಷ.
ಹೀಗೆ ಎದ್ದು ಹೋಗುವವರನ್ನು ನಮ್ಮ ಮನೆತನ ಬಿಡುವುದಿಲ್ಲ.
ಸ್ವಲ್ಪ ಈ ಕಡೆ ತಿರುಗಿ.
ಇನ್ನು ಎಡಗೆನ್ನೆ.