ಒಂಬತ್ತು ಸರಳು

ಡೊಂಬಿವಲಿಯ ಫಾಸ್ಟ್ ಲೋಕಲ್
ಪಾರ್ಸಿಕ್ ಸುರಂಗಕ್ಕೆ ಮೂತಿ ತೂರಿಸಿದ ಕೂಡಲೇ
ತಲೆಮೇಲಿನ ಹಿಡಿಕೆಗಳಿಗೆ ಎರಡೂ ಕೈ ಕೊಟ್ಟು
ಪಾದ ಎರಡಿಂಚು ಎತ್ತಿಬಿಡುತ್ತೇನೆ.
ಲೇಡೀಸ್ ಡಬ್ಬಿಯಲ್ಲಿ ಯಾರ ಕಾಲು ಯಾರದೆಂದು
ಯಾರಿಗೂ ತಿಳಿಯದ ಹೊತ್ತು.
ಒಂದು, ಎರಡು, ಮೂರು…
ಮೊದಲ ದಿನ ಹನ್ನೊಂದಕ್ಕೇ ಜಾರಿ
ಜಡೆ ಹೆಣೆದುಕೊಳ್ಳುತ್ತಿದ್ದವಳ ಕ್ಲಿಪ್ಪು ಮುರಿದು
ಮುಂಬ್ರಾದಿಂದ ಕುರ್ಲಾದವರೆಗೂ ಬೈಸಿಕೊಂಡೆ.

ವಯಸ್ಸು ನಲವತ್ತನಾಲ್ಕು. ಕೆಲಸ, ರಕ್ತ ತೆಗೆಯುವುದು.
ದಿನಕ್ಕೆ ಎಂಬತ್ತು ತೋಳು.
ಮುಷ್ಟಿ ಬಿಗಿ ಹಿಡಿಯಿರಿ.
ಸೂಜಿ ಒಳಗೆ ಹೋಯಿತು, ಈಗ ಬಿಡಿ.
ಬಿಡಿ ಅಂದೆನಲ್ಲ!
ಬಹಳ ಜನ ಬಿಡುವುದಿಲ್ಲ.

ಓಟಕ್ಕೆ ದೊಡ್ಡ ಕಾರಣವೇನೂ ಇಲ್ಲ.
ಕೌಂಟರಿನ ಪರ್ಪೆತುವಾ ಬಾಯಿ,
ಅರವತ್ತೊಂದು ವರ್ಷ, ಮಂಡಿಗೆ ಪಟ್ಟಿ,
ಒಬ್ಬಳೇ ಹೋಗೋಕೆ ಬೇಜಾರು, ಬಾ ಅಂದರು.
ಹೋದೆ.

ಖಾಡಿಯ ದಂಡೆಗೆ, ರೇತಿ ಬಂದರದ ದಾರಿಯಲ್ಲಿ
ನಾಯಿಗಳಿಗೆ ನಮ್ಮ ಬೆವರಿನ ಗುರುತು ಸಿಗುವವರೆಗೆ
ಕೈಯಲ್ಲೊಂದು ಕಲ್ಲು ಹಿಡಿದೇ ಓಡಿದೆವು.
ಮೂರು ಕಿಲೋಮೀಟರು, ಆರು, ಹನ್ನೆರಡು.
ಕಪ್ಪಾಗಿದ್ದ ಹೆಬ್ಬೆರಳಿನ ಉಗುರು
ಜುಲೈಯ ಒಂದು ಭಾನುವಾರ
ಕಾಲುಚೀಲದೊಳಗೇ ಉಳಿದುಕೊಂಡಿತು.
ಮುದ್ದೇಬಿಹಾಳದಿಂದ ಅವ್ವ ಫೋನಿನಲ್ಲಿ:
ಯಾರು ಬೆನ್ನ ಹತ್ಯಾರವಾ ನಿನಗ?

ರೇಷನ್ನಿನ ಅಕ್ಕಿ ಇಪ್ಪತ್ತು ಕಿಲೋ,
ಹೆಗಲಿಗೇರಿಸಿ ಲಿಫ್ಟಿಲ್ಲದ ನಾಲ್ಕು ಮಾಳಿಗೆ.
ಮೇಲೆ ಇಳಿಸಿ, ಉಸಿರು ತಕ್ಕೊಂಡು,
ಅದೇ ಮೂಟೆ ಹೊತ್ತು ಮತ್ತೆ ಕೆಳಗೆ.
ಮೂರನೇ ಸುತ್ತಿಗೆ ಸೊಸೈಟಿಯ ಘಾಡಿಗಾಂವ್ಕರರು
ಬಾಗಿಲು ತೆರೆದು ಮೆಲ್ಲಗೆ ಕೇಳಿದರು,
ಅಕ್ಕಿಯಲ್ಲಿ ಹುಳ ಇತ್ತೇನು?

ಆದರೆ ಸರಳು.
ಅದಕ್ಕೆ ಅಕ್ಕಿಮೂಟೆ ಸಾಲದು.
ಪಾಲಿಕೆಯ ಉದ್ಯಾನದಲ್ಲಿ, ಜಾರುಬಂಡೆಯ ಪಕ್ಕ,
ಹನ್ನೆರಡು ವರ್ಷದೊಳಗಿನವರಿಗೆ ಮಾತ್ರ ಎಂಬ ಫಲಕ.
ವಾಚ್‌ಮನ್ ಬಿಂದೇಶ್ವರಿ ಒಮ್ಮೆ ನನ್ನ ನೋಡಿ,
ಒಮ್ಮೆ ಫಲಕ ನೋಡಿ, ತಂಬಾಕು ತಿಕ್ಕತೊಡಗಿದ.
ನನ್ನ ಹಿಂದೆ ಮಕ್ಕಳ ಸಾಲು.
ಮುಂದಿನ ಸರಳು ಹಿಡಿಯುತ್ತೇನೆ, ಅದು ಬರುತ್ತದೆ.
ಹಿಡಿದ ಮೇಲೂ ಹಿಂದಿನದು ಕೈಯಲ್ಲೇ,
ಎರಡು ಕ್ಲಿಪ್ಪು ಹಾಕಿ ಒಣಹಾಕಿದ ಚಾದರದ ಹಾಗೆ
ನಡುವೆ ತೂಗುತ್ತ ನಿಲ್ಲುತ್ತೇನೆ.
ಜುವೇರಿಯಾ, ಏಳು ವರ್ಷ, ಮುಂದಿನ ಹಲ್ಲಿಲ್ಲ,
ಸೊಂಟಕ್ಕೆ ಕೈಯಿಟ್ಟು ಕೂಗುತ್ತಾಳೆ:
ಆಂಟೀ, ಪೀಛೇವಾಲಾ ಹಾಥ್ ಛೋಡೋ ನಾ!

ಸೆಪ್ಟೆಂಬರ್. ಕರ್ಜತಿನ ಹತ್ತಿರ ಒಂದು ಗದ್ದೆ,
ಬಾಡಿಗೆಗೆ ತಂದ ಕೆಸರು.
ಎದೆಗೆ ಅಂಟಿಸಿಕೊಂಡ ನಂಬರು
ಮೊದಲ ಹಳ್ಳದಲ್ಲೇ ಅಳಿಸಿಹೋಯಿತು.
ಎಂಟಡಿ ಗೋಡೆಯ ಮೇಲೆ ಪರ್ಪೆತುವಾ ಬಾಯಿ
ಕುದುರೆ ಕೂತಂತೆ ಕೂತು, ಗಾಳಿ ತಕ್ಕೊಂಡು,
ಇಲ್ಲಿಂದ ಸ್ಟೇಶನ್ ಕಾಣಿಸ್ತದೆ ಮಾರಾಯ್ತಿ ಅಂದರು.
ಅವರ ಹಿಂಬದಿ ನೂಕಿದ ಹುಡುಗರು
ನನ್ನದನ್ನೂ ನೂಕಿದರು. ನಾಚಿಕೆಗೆ ಪುರುಸೊತ್ತಿಲ್ಲ.

ಆಮೇಲೆ ಸರಳು, ಒಂಬತ್ತು, ಒದ್ದೆ.
ಒಂದು. ಎರಡು. ಕೈ ಬಿಡುತ್ತಿತ್ತು, ನಿಜವಾಗಿ ಬಿಡುತ್ತಿತ್ತು.
ನಾಲ್ಕು. ಐದು. ಆರು.
ಏಳಕ್ಕೆ ಬಲಗೈ ತಲುಪಿತು.
ಎಡಗೈ ಆರರಲ್ಲೇ.
ಭುಜದಲ್ಲಿ ಹಳೇ ಬಾಗಿಲಿನ ಸದ್ದು.
ಹಿಂದೆ ಯಾರೋ ಕೂಗಿದರು, ಮುಂದೆ ಯಾರೋ.
ಬಿಡಿ ಅಂದೆನಲ್ಲ! ಇದು ಯಾರ ಗಂಟಲು,
ಇಷ್ಟು ಸಿಡುಕು?
ಬಿಟ್ಟೆ.
ಎರಡನ್ನೂ.

ಕೆಸರು ಬೆಚ್ಚಗಿತ್ತು.
ದಂಡ: ಮೂವತ್ತು ಸಲ ನೆಲಕ್ಕೆ ಮಲಗಿ ಏಳಬೇಕು, ನೆಗೆಯಬೇಕು.
ಹತ್ತೊಂಬತ್ತಾದ ಮೇಲೆ ಲೆಕ್ಕ ತಪ್ಪಿತು,
ಮತ್ತೆ ಹತ್ತರಿಂದ ಶುರು ಮಾಡಿದೆ.
ನಾವು ಮುಗಿಸುವಾಗ ಕಮಾನಿನ ಗಾಳಿ ತೆಗೆದು
ಮಡಚುತ್ತಿದ್ದರು. ಬಾಳೆಹಣ್ಣು ಒಂದೇ ಉಳಿದಿತ್ತು,
ಅರ್ಧ ಅರ್ಧ ತಿಂದೆವು.

ಸೋಮವಾರ ಸುರಂಗದಲ್ಲಿ ಸೀಟು ಸಿಕ್ಕಿತು, ಕೂತೆ.
ಅಂಗೈ ತೊಡೆಯ ಮೇಲೆ ಮೇಲ್ಮುಖವಾಗಿ,
ಒಡೆದ ನಾಲ್ಕು ಬೊಕ್ಕೆ.
ಮೊದಲ ತೋಳು ಲೇತ್ ಕಾರ್ಖಾನೆಯವನದು,
ಹಗ್ಗದಂಥ ನರ, ಸೂಜಿ ಕಂಡರೆ ಕಣ್ಣಲ್ಲಿ ನೀರು.
ಬಿಡಿ ಅಂದೆ. ಬಿಡಲಿಲ್ಲ.
ಎರಡನೇ ಸಲ ಹೇಳಲಿಲ್ಲ,
ಗ್ಲೋವ್ಸಿನೊಳಗೆ ನನ್ನ ಕೈಯೂ ಉರಿಯುತ್ತಿತ್ತು.
ಒಂದು, ಎರಡು, ಮೂರು…
ಕೌಂಟರಿನಿಂದ ಪರ್ಪೆತುವಾ ಬಾಯಿ ಕೂಗಿದರು,
ಮುಂದಿನದಕ್ಕೆ ದುಡ್ಡು ಕಟ್ಟಿಯಾಯ್ತು, ಇಬ್ಬರದೂ!
ನಾನಿನ್ನೂ ಎಣಿಸುತ್ತಿದ್ದೆ.