ಮಾಲೀಕರ ಸಹಿ

ಡಂಡೀಯ ಕ್ಲಿನಿಕ್ಕಿನಲ್ಲಿ, ತೂಕದ ತಟ್ಟೆಯ ಮೇಲೆ
ಜೀರಿಗೆ ಕೂತಿದ್ದಾಳೆ: ಎರಡು ಕಿಲೋ ನೂರು ಗ್ರಾಂ.
ಬೇಡ ಅಂದರೆ ಬೇಡ ಅಂತ ವಾರವಿಡೀ
ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.
ಈಗ ಎಣಿಸಿದರೆ ನಾಲ್ಕೂ ನಡುಗುತ್ತಿವೆ.

ಮೊನ್ನೆ ಎದೆಯ ತುಪ್ಪಳ ತಾನೇ ಕಿತ್ತು
ಸೋಫಾದ ಹಿಂದೆ ಗೂಡು ಕಟ್ಟಿದ್ದಳು
ಬಾರದ ಮರಿಗಳಿಗೆ.
ಗುಡಿಸಲಿಕ್ಕೆ ನನ್ನ ಕೈ ಏಳಲಿಲ್ಲ;
ಶಾರ್ವರಿ ಗುಡಿಸಿದಳು, ಹನ್ನೊಂದರ ಹುಡುಗಿ:
"ಬಿಟ್ಟರೆ ಒಳಗೇ ಗಡ್ಡೆಯಾಗಬಹುದಂತೆ, ಅಮ್ಮಾ."

ನನ್ನದನ್ನು ತೆಗೆಯುವಾಗ
ಡಾಕ್ಟರು ನನ್ನನ್ನು ಕೇಳಿದ್ದರು, ಎರಡೆರಡು ಸಲ.
ಇವಳನ್ನು ಕೇಳುವುದು ಹೇಗೆ?
ಮೂಗು ಮಾತ್ರ ಆಡುತ್ತಲೇ ಇದೆ,
ಹೌದೋ, ಅಲ್ಲವೋ.

ಫಾರಮ್ಮಿನಲ್ಲಿ ಮಾಲೀಕರು ಎಂಬಲ್ಲಿ ಗೆರೆ.
ಪೆನ್ನಿಗೊಂದು ಸಣ್ಣ ಸರಪಳಿ.
ಕನ್ನಡದಲ್ಲೇ ಸಹಿ ಹಾಕಿದೆ,
ಮನೆಯಲ್ಲಿ ಇವಳನ್ನು ಬೈಯುವ ಭಾಷೆ.